ಕೇಳದ ಮಾತು, ಕೇಳಿದ ಮಾತು

ನನ್ನ ಮೊದಲ ಆಲ್ಬಮ್‌ಗೆ ಬಂದ ಮೊದಲ ವಿಮರ್ಶೆ ಒಳ್ಳೆಯ ವಿಮರ್ಶೆಯೇ ಆಗಿತ್ತು. ಹೊಸ ಗಾಯಕರ ಹಾಡುಗಳ ಬಗ್ಗೆ ಹಲವು ವರ್ಷಗಳಿಂದ ಬರೆಯುತ್ತ ಬಂದಿರುವ ವಿಮರ್ಶಕರೊಬ್ಬರು ಒಂಬತ್ತು ಹಾಡುಗಳನ್ನೂ ಪೂರ್ತಿಯಾಗಿ ಕೇಳಿ, ಗಿಟಾರಿನ ನಾದವನ್ನೂ ರಾಗದ ತಿರುವುಗಳನ್ನೂ ಮನಸಾರೆ ಮೆಚ್ಚಿ, ಕೊನೆಗೆ ಒಂದು ಮಾತು ಸೇರಿಸಿದ್ದರು. ಈ ಕಲಾವಿದರಿಗೆ ಕಂಠವೂ ಒಂದು ವಾದ್ಯ, ಇಲ್ಲಿಯ ಪದಗಳು ಅರ್ಥಕ್ಕಾಗಿ ಬಂದವಲ್ಲ, ಮಂಜಿನೊಳಗಿನ ಆಕೃತಿಗಳಂತೆ ಅವು ತೇಲಿ ಹೋಗುತ್ತವೆ ಎಂಬುದು ಆ ಮಾತಿನ ಸಾರ. ಅವರು ಅದನ್ನು ಗುಣವೆಂದೇ ಎಣಿಸಿದ್ದರು. ನಾನು ಮಾತ್ರ ಆ ಸಾಲನ್ನು ಓದಿದ ಮೇಲೆ ಬಹಳ ಹೊತ್ತು ಏನನ್ನೂ ಮಾಡಲಾಗದೆ ಕುಳಿತಿದ್ದೆ. ಏಕೆಂದರೆ ಆ ಒಂಬತ್ತು ಹಾಡುಗಳಲ್ಲಿ ಒಂದೂ ರಾಗದಿಂದ ಹುಟ್ಟಿದ್ದಲ್ಲ. ಎಲ್ಲವನ್ನೂ ಮೊದಲು ಕಾಗದದ ಮೇಲೆ ಬರೆದು, ತಿದ್ದಿ, ಒಂದು ಪದಕ್ಕಾಗಿ ವಾರಗಟ್ಟಲೆ ಕಾದು, ಪದ್ಯ ತಾನೇ ನಿಲ್ಲಬಲ್ಲದು ಎನ್ನಿಸಿದ ಮೇಲೆಯೇ ನಾನು ಗಿಟಾರನ್ನು ಕೈಗೆತ್ತಿಕೊಂಡದ್ದು.

ನಾನು ಯಾವುದಕ್ಕಾಗಿ ಹಾಡುತ್ತೇನೋ ಅದೇ ಕೇಳುಗರನ್ನು ತಲುಪದೆ ಹೋದದ್ದು ಹೇಗೆ ಎಂಬುದನ್ನು ತಿಳಿಯಲು ನನಗೆ ಐದು ತಿಂಗಳು ಹಿಡಿಯಿತು. ಆಲ್ಬಮ್ ಮಾಡಿದ ಎರಡು ವರ್ಷಗಳಿಗಿಂತ ಆ ಐದು ತಿಂಗಳಲ್ಲಿ ನಾನು ಹೆಚ್ಚು ಕಲಿತೆನಾದ್ದರಿಂದ, ತಯಾರಿಕೆಯ ಕಥೆಯನ್ನು ಅದಕ್ಕೆ ಬೇಕಾದಷ್ಟು ಮಾತ್ರ ಹೇಳುತ್ತೇನೆ.

ಎಲ್ಲವನ್ನೂ ಸ್ವಂತವಾಗಿ ಮಾಡಬೇಕೆಂದು ನಾನು ಹಟ ಹಿಡಿದಿರಲಿಲ್ಲ. ಸ್ಟುಡಿಯೋದಲ್ಲಿ ಗಂಟೆಗಳ ಲೆಕ್ಕದಲ್ಲಿ ಹಾಡುವಷ್ಟು ಹಣ ನನ್ನಲ್ಲಿರಲಿಲ್ಲ. ಹಣವನ್ನು ಹೇಗೋ ಹೊಂದಿಸಿ ಒಮ್ಮೆ ಹೋಗಿದ್ದಾಗ ಗಡಿಯಾರವನ್ನು ನೋಡುತ್ತ ಹಾಡಿದ ಹಾಡು ನನ್ನದಲ್ಲವೆಂಬಂತೆ ಕೇಳಿಸಿತು. ಮನೆಯಲ್ಲಾದರೆ ಒಂದು ಸಾಲನ್ನು ನಲವತ್ತು ಸಲ ಹಾಡಬಹುದು, ಗಂಟಲು ಕಟ್ಟಿದ ದಿನ ಬಿಟ್ಟುಬಿಡಬಹುದು, ರಾತ್ರಿ ಹನ್ನೊಂದಕ್ಕೆ ಮನಸ್ಸು ಬಂದರೆ ಎದ್ದು ಹಾಡಬಹುದು. ಒಂದು ಕಂಡೆನ್ಸರ್ ಮೈಕ್, ಅದಕ್ಕೆ 48 ವೋಲ್ಟ್ ವಿದ್ಯುತ್ ಒದಗಿಸಬಲ್ಲ ಎರಡು ಚಾನೆಲ್‌ಗಳ ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್, ಹಳೆಯ ಲ್ಯಾಪ್‌ಟಾಪ್: ಇಷ್ಟರಿಂದಲೇ ಆರಂಭವಾಯಿತು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಧ್ವನಿಯನ್ನು ಅಂಚಿನವರೆಗೆ ಏರಿಸಬೇಕಾಗಿಲ್ಲ, ಮೀಟರಿನಲ್ಲಿ ಮೇಲ್ಮಟ್ಟ ಸೊನ್ನೆಗಿಂತ ಹತ್ತು ಹನ್ನೆರಡು ಡೆಸಿಬಲ್ ಕೆಳಗೇ ನಿಂತರೂ ಗದ್ದಲ ಕಾಡುವುದಿಲ್ಲ ಎಂಬುದನ್ನು ನಾನು ಮೊದಲೇ ತಿಳಿದುಕೊಂಡಿದ್ದರಿಂದ, ಒಡೆದ ಧ್ವನಿಯ ಕಾಟ ನನಗೆ ಬರಲಿಲ್ಲ.

ಕೋಣೆಯ ಕಾಟ ಮಾತ್ರ ಬಂದಿತು. ಬರಿಗೋಡೆಯ ಕೋಣೆಯಲ್ಲಿ ಹಾಡಿದಾಗ ಮೈಕಿಗೆ ಕಂಠ ನೇರವಾಗಿಯೂ ತಲುಪುತ್ತದೆ, ಗೋಡೆಗೆ ತಾಗಿ ಮರಳಿಯೂ ತಲುಪುತ್ತದೆ. ಗೋಡೆ ಒಂದು ಮೀಟರ್ ದೂರದಲ್ಲಿದ್ದರೆ ಹೋಗಿಬರುವ ಎರಡು ಮೀಟರಿಗೆ ಸುಮಾರು ಆರು ಮಿಲಿಸೆಕೆಂಡು ಬೇಕು. ಅಷ್ಟು ತಡವಾಗಿ ಮರಳಿದ ಧ್ವನಿ ನೇರವಾಗಿ ಬಂದ ಧ್ವನಿಯ ಮೇಲೆ ಬಿದ್ದು ಕೆಲವು ಆವರ್ತನಗಳನ್ನು ಹೆಚ್ಚಿಸುತ್ತದೆ, ಕೆಲವನ್ನು ಅಳಿಸುತ್ತದೆ. ಹಾಡಿದ್ದು ಡಬ್ಬದೊಳಗಿನಿಂದ ಬಂದಂತೆ ಕೇಳಿಸುವುದಕ್ಕೆ ಇದೇ ಕಾರಣ. ದಪ್ಪ ಹೊದಿಕೆಗಳನ್ನು ಬೆನ್ನ ಹಿಂದೆ ಮತ್ತು ಎರಡೂ ಬದಿಗೆ ಕಟ್ಟಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲುಗಳನ್ನು ತೆರೆದಿಟ್ಟು, ಮೈಕಿಗೆ ಒಂದು ಗೇಣು ದೂರದಲ್ಲಿ ನಿಂತು ಹಾಡತೊಡಗಿದೆ. ಒಂದೇ ದಿಕ್ಕಿನಿಂದ ಧ್ವನಿ ಹಿಡಿಯುವ ಮೈಕಿಗೆ ಬಾಯಿ ಹತ್ತಿರವಾದಷ್ಟೂ ಮಂದ್ರದ ಭಾಗ ಉಬ್ಬಿಕೊಳ್ಳುತ್ತದೆ. ಆ ತುಂಬುತನ ನನಗೆ ಬಹಳ ಇಷ್ಟವಾಯಿತು. ನನ್ನ ಕಂಠಕ್ಕೆ ಇಂಥ ಗಾಂಭೀರ್ಯವಿದೆ ಎಂದು ನನಗೇ ಗೊತ್ತಿರಲಿಲ್ಲ, ಹೀಗಾಗಿ ಒಂಬತ್ತೂ ಹಾಡುಗಳನ್ನು ಅಷ್ಟೇ ಹತ್ತಿರದಿಂದ ಹಾಡಿದೆ. ಮುಂದೆ ಇದಕ್ಕೆ ಬೆಲೆ ತೆರಬೇಕಾಯಿತು.

ಗಿಟಾರನ್ನು ಹೆಚ್ಚಿನ ಹಾಡುಗಳಲ್ಲಿ ನಾನೇ ನುಡಿಸಿದೆ. ಮೂರು ಹಾಡುಗಳಿಗೆ ಗೆಳೆಯನೊಬ್ಬ ಬಂದು ನುಡಿಸಿದ. ಮೆಟ್ರೊನೋಮಿನ ಟಿಕ್ ಸದ್ದಿಗೆ ಕಟ್ಟಿಬಿದ್ದು ಹಾಡಬೇಕೆ ಬೇಡವೆ ಎಂದು ನಾವಿಬ್ಬರೂ ಬಹಳ ಚರ್ಚಿಸಿ, ಕೊನೆಗೆ ಐದು ಹಾಡುಗಳನ್ನು ಟಿಕ್ ಸದ್ದಿನೊಡನೆಯೂ ನಾಲ್ಕನ್ನು ಅದಿಲ್ಲದೆಯೂ ರೆಕಾರ್ಡ್ ಮಾಡಿದೆವು. ಟಿಕ್ ಇಲ್ಲದ ನಾಲ್ಕರಲ್ಲಿ ಚರಣ ಮುಗಿಯುವಲ್ಲಿ ಲಯ ತುಸು ನಿಧಾನವಾಗಿ, ಪಲ್ಲವಿಗೆ ಮರಳುವಾಗ ಮತ್ತೆ ಚುರುಕಾಗುತ್ತದೆ. ಆ ತೀರ್ಮಾನದ ಬಗ್ಗೆ ನನಗೆ ಈಗಲೂ ಸಂತೋಷವಿದೆ. ಆದರೆ ಲಯ ನೆಟ್ಟಗಿಲ್ಲದ ಹಾಡಿಗೆ ಒಂದರ ಮೇಲೊಂದು ಟ್ರ್ಯಾಕ್ ಸೇರಿಸುವುದು ಬಹಳ ಕಷ್ಟ, ಎರಡನೆಯ ಗಿಟಾರನ್ನು ಮೊದಲನೆಯದರ ಉಸಿರನ್ನು ನೆನಪಿಟ್ಟುಕೊಂಡು ನುಡಿಸಬೇಕಾಗುತ್ತದೆ.

ನನ್ನ ಕಂಠ ಒಂಟಿಯಾಗಿ ಕೇಳಿಸಿದಾಗ ನನಗೆ ಅಂಜಿಕೆಯಾಗುತ್ತಿತ್ತು. ಅದಕ್ಕಾಗಿ ಪಲ್ಲವಿಗಳನ್ನೆಲ್ಲ ಎರಡೆರಡು ಸಲ ಹಾಡಿ ಒಂದರ ಮೇಲೊಂದು ಇರಿಸಿದೆ. ಕೆಲವು ಚರಣಗಳಲ್ಲೂ ಹಾಗೆಯೇ ಮಾಡಿದೆ. ಇದು ಹಳೆಯ ಉಪಾಯ, ಕಂಠಕ್ಕೆ ಅಗಲವೂ ಹೊಳಪೂ ಬರುತ್ತವೆ, ಸಣ್ಣಪುಟ್ಟ ಅಪಶ್ರುತಿ ಮುಚ್ಚಿಹೋಗುತ್ತದೆ. ಅದರ ಮೇಲೆ ದೊಡ್ಡ ಸಭಾಂಗಣದ ರಿವರ್ಬ್, ಅಂದರೆ ಅನುರಣನ, ಹಾಕಿದೆ. ಕಂಠದಲ್ಲಿ ‘ಸ’, ‘ಶ’ ಅಕ್ಷರಗಳು ಚುಚ್ಚುತ್ತಿದ್ದವೆಂದು ಡಿ-ಎಸ್ಸರ್ ಎಂಬ ಉಪಕರಣದಿಂದ ಐದರಿಂದ ಎಂಟು ಸಾವಿರ ಹರ್ಟ್ಸ್ ನಡುವಿನ ಭಾಗವನ್ನು ಅದುಮಿದೆ. ಗಿಟಾರು ಮಿನುಗಬೇಕೆಂದು ಮೂರು ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ಅದನ್ನು ಏರಿಸಿದೆ. ಒಂದೊಂದನ್ನೂ ಮಾಡಿದಾಗ ಹಾಡು ಮೊದಲಿಗಿಂತ ಚೆಂದವಾಗುತ್ತ ಹೋಯಿತೆಂದೇ ನನಗೆ ತೋರಿತು, ಮತ್ತು ಬಿಡಿಬಿಡಿಯಾಗಿ ನೋಡಿದರೆ ಅವುಗಳಲ್ಲಿ ಒಂದೂ ತಪ್ಪಾಗಿರಲಿಲ್ಲ.

ಈ ಟ್ರ್ಯಾಕುಗಳನ್ನೆಲ್ಲ ಹದವಾಗಿ ಬೆರೆಸುವ ಮಿಕ್ಸಿಂಗ್‌ಗೆ ಏಳು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ನಾನು ಓದಿದ ಸಂಗತಿಗಳಲ್ಲಿ ಒಂದು ನನಗೆ ನಿಜಕ್ಕೂ ಉಪಕಾರ ಮಾಡಿತು. 1933ರಲ್ಲಿ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಎಂಬ ಬೆಲ್ ಪ್ರಯೋಗಾಲಯದ ಇಬ್ಬರು ಸಂಶೋಧಕರು, ಧ್ವನಿಯ ಮಟ್ಟ ಬದಲಾದಂತೆ ನಮ್ಮ ಕಿವಿ ಬೇರೆಬೇರೆ ಆವರ್ತನಗಳನ್ನು ಗ್ರಹಿಸುವ ಬಗೆಯೂ ಬದಲಾಗುತ್ತದೆಂದು ತೋರಿಸಿದರು. ಮೆಲ್ಲಗೆ ಕೇಳುವಾಗ ಮಂದ್ರ ಕುಗ್ಗಿದಂತೆ ಅನ್ನಿಸುತ್ತದೆ; ಜೋರಾಗಿ ಕೇಳಿದರೆ ಅದೇ ಹಾಡು ತುಂಬಿಕೊಂಡಂತೆ, ಹತ್ತಿರವಾದಂತೆ ಅನ್ನಿಸುತ್ತದೆ. ರಾತ್ರಿ ಹೆಡ್‌ಫೋನಿನಲ್ಲಿ ಜೋರಾಗಿ ಕೇಳಿ ಮೆಚ್ಚಿಕೊಂಡದ್ದು ಬೆಳಿಗ್ಗೆ ಸಪ್ಪೆಯಾಗಿ ಕೇಳಿಸುತ್ತಿದ್ದ ಕಾರಣ ಆಗ ತಿಳಿಯಿತು, ಅಂದಿನಿಂದ ಮಾತನಾಡುವ ದನಿಯ ಮಟ್ಟಕ್ಕಿಂತ ಮೇಲೆ ನಾನು ಸ್ಪೀಕರನ್ನು ಏರಿಸಲಿಲ್ಲ. ಹಾಗೆಯೇ ಕೊನೆಯ ಮಾಸ್ಟರಿಂಗ್ ಹಂತದಲ್ಲಿ ಹಾಡನ್ನು ಆದಷ್ಟೂ ಗಟ್ಟಿಯಾಗಿಸುವ ಆಸೆಯನ್ನು ಬಿಟ್ಟುಕೊಟ್ಟೆ. ಕೇಳುವ ಗಟ್ಟಿತನವನ್ನು ಅಳೆಯುವ ಅಂತರರಾಷ್ಟ್ರೀಯ ವಿಧಾನ 2006ರಲ್ಲಿ ಬಂದಿದೆ, ಸ್ಪಾಟಿಫೈನಂಥ ಸೇವೆಗಳು ಅದರ ಆಧಾರದ ಮೇಲೆ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಮಟ್ಟಕ್ಕೆ ತಂದು ಕೇಳಿಸುತ್ತವೆ. ಹಾಡನ್ನು ಎಷ್ಟೇ ಹಿಂಡಿ ಗಟ್ಟಿ ಮಾಡಿ ಕಳಿಸಿದರೂ ಅವರ ಕಡೆ ಅದು ತಗ್ಗಿಸಲ್ಪಡುತ್ತದೆ, ಹಿಂಡಿದ್ದರ ನಷ್ಟ ಮಾತ್ರ ಉಳಿಯುತ್ತದೆ.

ಉಳಿದ ಕೆಲಸ ಕಾಗದಪತ್ರದ್ದು. ಪ್ರತಿ ಹಾಡಿನ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ ಅಂಕಿಗಳ ಗುರುತು, ಆಲ್ಬಮ್‌ಗೆ ಪ್ರತ್ಯೇಕ ಬಾರ್‌ಕೋಡ್ ಸಂಖ್ಯೆ, ಸಾಹಿತ್ಯ ಮತ್ತು ರಾಗ ಸಂಯೋಜನೆಯ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಇವೆಲ್ಲವನ್ನೂ ವಿತರಣಾ ಸಂಸ್ಥೆಯ ನಮೂನೆಗಳಲ್ಲಿ ತುಂಬಿ, ಮುಖಚಿತ್ರವನ್ನು ಸೇರಿಸಿ, ಬಿಡುಗಡೆಯ ದಿನವನ್ನು ಆರು ವಾರ ಮುಂದೆ ಇಟ್ಟುಕೊಂಡೆ. ಸ್ಪಾಟಿಫೈ ಸಂಪಾದಕರ ಗಮನಕ್ಕೆ ಒಂದು ಹಾಡನ್ನು ತರಬೇಕಾದರೆ ಕನಿಷ್ಠ ಏಳು ದಿನ ಮೊದಲೇ ತಿಳಿಸಬೇಕೆಂಬ ಸೂಚನೆಯಿರುವುದರಿಂದ ಹೊಸಬರು ಆತುರಪಡದಿರುವುದು ಒಳ್ಳೆಯದು. ಮುನ್ನೂರು ಸಿ.ಡಿ.ಗಳನ್ನೂ ಮಾಡಿಸಿದೆ. ಅವುಗಳ ಒಳಪುಟದಲ್ಲಿ ಸಾಹಿತ್ಯವನ್ನು ಅಚ್ಚು ಮಾಡಿಸಬೇಕೆಂದಿದ್ದೆ. ಪುಟಗಳು ಹೆಚ್ಚಾದರೆ ಖರ್ಚೂ ಹೆಚ್ಚುತ್ತದೆಂದು ಕೈಬಿಟ್ಟೆ. ಹಾಡಿನಲ್ಲಿ ಹೇಗೂ ಕೇಳಿಸುತ್ತದಲ್ಲ ಎಂದು ಆಗ ನನ್ನನ್ನು ಸಮಾಧಾನಪಡಿಸಿಕೊಂಡದ್ದು ನೆನಪಿದೆ.

ಆಲ್ಬಮ್ ಬಿಡುಗಡೆಯಾದ ವಾರ ಪರಿಚಿತರ ಸಂದೇಶಗಳು ಬಂದವು. ಎಲ್ಲರೂ ಚೆನ್ನಾಗಿದೆ ಎಂದರು. ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಎಲ್ಲವೂ ಎಂದರು. ಎರಡನೆಯ ವಾರ ಸಂದೇಶಗಳು ನಿಂತವು. ಸೇವೆಯ ಪುಟದಲ್ಲಿ ಎಷ್ಟು ಜನ ಕೇಳಿದರು ಎಂಬ ಅಂಕಿಗಳನ್ನು ದಿನಕ್ಕೆ ಹತ್ತು ಸಲ ನೋಡುವ ಅಭ್ಯಾಸ ನನಗೆ ಆಗ ಅಂಟಿಕೊಂಡಿತು. ಸ್ಪಾಟಿಫೈ ಒಂದು ಹಾಡನ್ನು ಕನಿಷ್ಠ 30 ಸೆಕೆಂಡು ಕೇಳಿದರೆ ಮಾತ್ರ ಅದನ್ನು ಒಂದು ಕೇಳ್ವಿಯೆಂದು ಎಣಿಸುತ್ತದೆ, 2024ರಿಂದ ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಕೇಳ್ವಿಗಳನ್ನು ತಲುಪದ ಧ್ವನಿಮುದ್ರಣಕ್ಕೆ ಅಲ್ಲಿ ಗೌರವಧನದ ಲೆಕ್ಕವೇ ಆರಂಭವಾಗುವುದಿಲ್ಲ. ನನ್ನ ಒಂಬತ್ತರಲ್ಲಿ ಎರಡು ಹಾಡುಗಳು ಮೂರು ತಿಂಗಳಲ್ಲಿ ಆ ಗೆರೆಯನ್ನು ದಾಟಿದವು. ಅವೆರಡೂ ಗಿಟಾರಿನ ದೀರ್ಘ ಪೀಠಿಕೆಯುಳ್ಳ ಹಾಡುಗಳು. ನಾನು ಅತ್ಯಂತ ಮುಖ್ಯವೆಂದು ಭಾವಿಸಿ ನಾಲ್ಕನೆಯದಾಗಿ ಇರಿಸಿದ್ದ ಹಾಡು ಹಿಂದೆಯೇ ಉಳಿಯಿತು.

ಆ ನಾಲ್ಕನೆಯ ಹಾಡು ತಂದೆಯ ಬಗ್ಗೆ. ಮಗುವಿನೊಡನೆ ಕಠಿಣವಾಗಿ ನಡೆದುಕೊಂಡ ತಂದೆಯೊಬ್ಬ ಕೊನೆಗಾಲದಲ್ಲಿ ಮಲಗಿದ್ದಾನೆ, ಬೆಳೆದ ಮಗು ರಾತ್ರಿಯಿಡೀ ಅವನ ಪಕ್ಕದಲ್ಲಿ ಕುಳಿತಿದೆ. ಇಡೀ ಹಾಡು ನಿಂತಿರುವುದು ಎರಡನೆಯ ಚರಣದ ಕೊನೆಯ ಸಾಲಿನ ಮೇಲೆ: ‘ನೀನು ಕೇಳದ ಕ್ಷಮೆಯ ನಾನೇ ಕೊಟ್ಟೆ’. ವಿಮರ್ಶೆ ಬಂದ ಮರುವಾರ ಅಪರಿಚಿತ ಕೇಳುಗರೊಬ್ಬರು ನನಗೆ ಒಂದು ಪತ್ರ ಬರೆದರು. ಆಕೆ ಆ ಹಾಡನ್ನು ಹಲವು ಸಲ ಕೇಳಿದ್ದರು; ಅಷ್ಟು ಕಠಿಣನಾದ ತಂದೆಯೂ ಕೊನೆಯಲ್ಲಿ ಬಾಯಿಬಿಟ್ಟು ಕ್ಷಮೆ ಕೇಳಿದ್ದು, ಮಗು ಅದನ್ನು ಕೊಟ್ಟದ್ದು ತಮಗೆ ಬಹಳ ಸಾಂತ್ವನ ನೀಡಿತೆಂದು ಬರೆದಿದ್ದರು. ನಾನು ಪತ್ರವನ್ನು ಎರಡು ಸಲ ಓದಿದೆ. ಆಕೆ ಕೇಳಿಸಿಕೊಂಡದ್ದು ‘ನೀನು ಕೇಳಿದ ಕ್ಷಮೆಯ’ ಎಂದು. ನಮ್ಮ ನುಡಿಯಲ್ಲಿ ಹೌದು ಮತ್ತು ಇಲ್ಲಗಳ ನಡುವಿನ ಅಂತರ ಎಷ್ಟೋ ಕಡೆ ಒಂದು ಹ್ರಸ್ವ ಸ್ವರದಷ್ಟೇ ಇರುತ್ತದೆ. ಬಾರದ, ಬಂದ ಎಂಬಲ್ಲಿ ಪದದ ರೂಪವೇ ಬದಲಾಗುವುದರಿಂದ ಅಪಾಯವಿಲ್ಲ. ಕೇಳದ, ಕೇಳಿದ, ಹೇಳದ, ಹೇಳಿದ, ಮಾಡದ, ಮಾಡಿದ ಎಂಬಲ್ಲಿ ಅ ಮತ್ತು ಇ ಬೆರೆತುಹೋದರೆ ಹಾಡಿನ ತಂದೆ ಬೇರೆಯೇ ಮನುಷ್ಯನಾಗುತ್ತಾನೆ.

ಮೊದಲು ಅವರ ಕಿವಿಯದೇ ದೋಷವಿರಬಹುದೆಂದು ಆ ಸಾಲನ್ನು ನಾನು ಮತ್ತೆ ಕೇಳಿದೆ. ನನಗೆ ‘ಕೇಳದ’ ಎಂದೇ ಸ್ಪಷ್ಟವಾಗಿ ಕೇಳಿಸಿತು. ಗಿಟಾರು ನುಡಿಸಿದ ಗೆಳೆಯನನ್ನು ಕರೆದು ಕೇಳಿಸಿದೆ; ಅವನಿಗೂ ಹಾಗೆಯೇ ಕೇಳಿಸಿತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವನೇ ಅಂದ: “ನಿನಗೆ ಪದ ಬಾಯಿಪಾಠ, ನನಗೂ ಬಾಯಿಪಾಠ. ನಾವಿಬ್ಬರೂ ಇದಕ್ಕೆ ಸಾಕ್ಷಿಯಾಗಲು ಬರೋದಿಲ್ಲ ಕಣೋ.” ಎರಡು ವರ್ಷಗಳಲ್ಲಿ ಈ ಆಲ್ಬಮ್ ಬಗ್ಗೆ ಯಾರೇ ಹೇಳಿದ ಮಾತುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಅದು.

ಅವನ ಮಾತಿನ ಹಿಂದಿರುವ ಸಂಗತಿ ಪ್ರಯೋಗಗಳಲ್ಲಿ ಸಿದ್ಧಪಟ್ಟದ್ದೆಂದು ನಾನು ಅನಂತರ ಓದಿ ತಿಳಿದೆ. 1970ರಲ್ಲಿ ರಿಚರ್ಡ್ ವಾರೆನ್ ಎಂಬ ಮನಶ್ಶಾಸ್ತ್ರಜ್ಞರು ರೆಕಾರ್ಡ್ ಮಾಡಿದ ಒಂದು ವಾಕ್ಯದಲ್ಲಿ ಒಂದು ಧ್ವನಿಯನ್ನು ಪೂರ್ತಿಯಾಗಿ ಕತ್ತರಿಸಿ, ಆ ಜಾಗದಲ್ಲಿ ಕೆಮ್ಮಿನ ಸದ್ದನ್ನು ಇರಿಸಿ ಜನರಿಗೆ ಕೇಳಿಸಿದರು. ಕೇಳಿದವರಿಗೆ ಧ್ವನಿಯೊಂದು ಇಲ್ಲವೆಂಬುದೇ ಗೊತ್ತಾಗಲಿಲ್ಲ. ಇಲ್ಲದ ಧ್ವನಿಯನ್ನು ಮನಸ್ಸು ತಾನೇ ತುಂಬಿಕೊಂಡು ಕೇಳಿಸಿತು. ಮೇಲೆ ಹೇಳಿದ ಫ್ಲೆಚರ್ ಅವರೇ ಟೆಲಿಫೋನಿನಲ್ಲಿ ಮಾತು ಎಷ್ಟು ಸ್ಪಷ್ಟವಾಗಿ ತಲುಪುತ್ತದೆಂದು ಅಳೆಯುವಾಗ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಳಸುತ್ತಿದ್ದರು. ಅರ್ಥವುಳ್ಳ ವಾಕ್ಯವನ್ನು ಕೊಟ್ಟರೆ ಕೇಳಿಸದ ಭಾಗವನ್ನು ಜನ ಊಹೆಯಿಂದಲೇ ತುಂಬಿಕೊಳ್ಳುತ್ತಾರೆ, ಆಗ ಅಳತೆ ಸುಳ್ಳಾಗುತ್ತದೆ. ಪದ ಬರೆದವರು ತಮ್ಮ ಹಾಡನ್ನು ಕೇಳುವಾಗ ಆಗುವುದು ಇದೇ. ಅಂದರೆ ಏಳು ತಿಂಗಳು ನಾನು ಸ್ಪೀಕರಿನ ಮುಂದೆ ಕುಳಿತು ಕೇಳಿದ್ದು ಭಾಗಶಃ ನನ್ನ ನೆನಪನ್ನು.

ಹಾಗಾಗಿ ನಾವು ಒಂದು ಪರೀಕ್ಷೆ ಮಾಡಿದೆವು. ಸಾಹಿತ್ಯವನ್ನು ಎಂದೂ ನೋಡಿರದ ಆರು ಮಂದಿಯನ್ನು ಆರಿಸಿ, ಪ್ರತಿಯೊಬ್ಬರಿಗೂ ಹಾಡುಗಳನ್ನು ಎರಡು ಸಲ ಕೇಳಿಸಿ, ಕೇಳಿಸಿದಷ್ಟನ್ನು ಬರೆದುಕೊಡಿ, ಊಹಿಸಬೇಡಿ, ತಿಳಿಯದಲ್ಲಿ ಗೆರೆ ಎಳೆಯಿರಿ ಎಂದು ಕೇಳಿಕೊಂಡೆವು. ಆ ಹಾಳೆಗಳನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಒಂಬತ್ತರಲ್ಲಿ ನಾಲ್ಕು ಹಾಡುಗಳು ಹೆಚ್ಚುಕಡಿಮೆ ಪೂರ್ತಿಯಾಗಿ ತಲುಪಿದ್ದವು, ಒಂದು ತಕ್ಕಮಟ್ಟಿಗೆ ತಲುಪಿತ್ತು. ಉಳಿದ ನಾಲ್ಕರಲ್ಲಿ ಸಾಲುಗಟ್ಟಲೆ ಗೆರೆಗಳಿದ್ದವು. ತಂದೆಯ ಹಾಡಿನಲ್ಲಿ ಆ ಸಾಲನ್ನು ಆರರಲ್ಲಿ ನಾಲ್ವರು ‘ಕೇಳಿದ’ ಎಂದೇ ಬರೆದಿದ್ದರು, ಒಬ್ಬರು ಗೆರೆ ಎಳೆದಿದ್ದರು. ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವಾಗ ಯಾವ ಜಾಗದಲ್ಲಿ ಗೆರೆಗಳು ಸಾಲಾಗಿ ಬೀಳುತ್ತವೆಂಬುದು ಕಾಣುತ್ತಿತ್ತು, ಮತ್ತು ಆ ಜಾಗಗಳಲ್ಲಿ ನಾನು ಏನು ಮಾಡಿದ್ದೆನೆಂಬುದು ನನಗೆ ಗೊತ್ತಿತ್ತು.

ಕಾರಣ ಒಂದಾಗಿರಲಿಲ್ಲ. ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು, ಅವು ಹೆಚ್ಚಾಗಿ ಕೆಳಗಿನ ಆವರ್ತನಗಳಲ್ಲಿರುತ್ತವೆ. ವ್ಯಂಜನಗಳು ಕ್ಷೀಣ, ಕ್ಷಣಿಕ, ಮೇಲಿನ ಆವರ್ತನಗಳಲ್ಲಿ ಹರಡಿಕೊಂಡಿರುತ್ತವೆ, ಆದರೆ ಪದವನ್ನು ಪದದಿಂದ ಬೇರ್ಪಡಿಸುವ ಕೆಲಸ ಬಹುಮಟ್ಟಿಗೆ ಅವುಗಳದೇ. ನಾನು ಮೈಕಿಗೆ ಹತ್ತಿರ ನಿಂತು ಮಂದ್ರವನ್ನು ಉಬ್ಬಿಸಿದ್ದೆ. ಡಿ-ಎಸ್ಸರ್‌ನಿಂದ ‘ಸ’ಕಾರಗಳ ಹಲ್ಲು ಕಿತ್ತಿದ್ದೆ. ಗಿಟಾರನ್ನು ವ್ಯಂಜನಗಳು ಇರುವ ಜಾಗದಲ್ಲೇ ಏರಿಸಿ ಅವುಗಳನ್ನು ಮುಚ್ಚಿದ್ದೆ. ರಿವರ್ಬ್‌ನ ಬಾಲ ಹಿಂದಿನ ಅಕ್ಷರವನ್ನು ಮುಂದಿನ ಅಕ್ಷರದ ಮೇಲೆ ಹರಡಿತ್ತು. ‘ಕೇ’ ಎಂಬ ದೀರ್ಘಾಕ್ಷರದ ಏಕಾರ ‘ಳ’ದ ಹ್ರಸ್ವ ಅಕಾರದ ಮೇಲೆ ಬಿದ್ದಾಗ ಕಿವಿಗೆ ಅದು ಇಕಾರದತ್ತ ವಾಲಿ ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ. ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಎರಡೆರಡು ಸಲ ಹಾಡಿದ ಪದರಗಳು. ಎರಡು ಕಂಠಗಳ ಸ್ವರಗಳು ಸೊಗಸಾಗಿ ಬೆರೆಯುತ್ತವೆ. ಆದರೆ ಒಂದರ ‘ತ’ ಮತ್ತು ಇನ್ನೊಂದರ ‘ತ’ ನಡುವೆ ಕಣ್ಣೆವೆ ಬಡಿಯುವುದಕ್ಕಿಂತ ಕಡಿಮೆ ಅಂತರವಿದ್ದರೂ ವ್ಯಂಜನ ಎರಡಾಗಿ ಒಡೆದು ಮಸುಕಾಗುತ್ತದೆ. ಅನುಭವಿಗಳು ಎರಡನೆಯ ಪದರವನ್ನು ಹಾಡುವಾಗ ವ್ಯಂಜನಗಳನ್ನು ಬೇಕೆಂದೇ ಸಡಿಲವಾಗಿ ಹಾಡುತ್ತಾರೆ, ಅಥವಾ ಸಂಕಲನದಲ್ಲಿ ಅವುಗಳನ್ನು ತಗ್ಗಿಸುತ್ತಾರೆ. ನಾನು ಎರಡನ್ನೂ ಒತ್ತಿ ಹಾಡಿದ್ದೆ, ಸ್ಪಷ್ಟತೆ ಹೆಚ್ಚುತ್ತದೆಂದು ನಂಬಿ.

ಇವೆಲ್ಲವನ್ನೂ ಸರಿಪಡಿಸಬಹುದಿತ್ತು, ಮೂಲ ಟ್ರ್ಯಾಕುಗಳು ನನ್ನಲ್ಲಿದ್ದವು. ಸರಿಪಡಿಸಲಾಗದ ಒಂದು ತಪ್ಪು ಏಳನೆಯ ಹಾಡಿನಲ್ಲಿತ್ತು, ಅದು ಮಿಕ್ಸಿಂಗ್‌ನದಲ್ಲ, ನನ್ನ ರಾಗ ಸಂಯೋಜನೆಯದು. ಅದರ ಪಲ್ಲವಿ ‘ನಡುಹಗಲು’ ಎಂದು ಆರಂಭವಾಗುತ್ತದೆ. ರಾಗ ಇಂಪಾಗಲೆಂದು ಮೊದಲ ಅಕ್ಷರವನ್ನು ನಾನು ಎರಡು ಎಣಿಕೆಯಷ್ಟು ಎಳೆದಿದ್ದೆ. ಆರು ಹಾಳೆಗಳಲ್ಲಿ ಐದರಲ್ಲಿ ‘ನಾಡು’ ಎಂದಿತ್ತು. ಅದಾದ ಮೇಲೆ ‘ಹಗಲು’ ಯಾರಿಗೂ ಹಗಲಾಗಿ ಉಳಿದಿರಲಿಲ್ಲ. ಒಬ್ಬರು ‘ನಾಡ ಹೆಗಲು’ ಎಂದು ಬರೆದು ಮುಂದಿನ ಸಾಲನ್ನೂ ಅದಕ್ಕೆ ಹೊಂದುವಂತೆ ಕೇಳಿಸಿಕೊಂಡಿದ್ದರು. ಹ್ರಸ್ವವನ್ನು ಎಳೆದರೆ ಬಲ ಬಾಲವಾಗುತ್ತದೆ, ಬಳೆ ಬಾಳೆಯಾಗುತ್ತದೆ. ಛಂದಸ್ಸನ್ನು ಓದಿದವರಿಗೆ ಲಘು ಗುರುಗಳ ಲೆಕ್ಕ ಮೊದಲ ಪಾಠ, ನಾನೂ ಓದಿದ್ದೆ, ಪದ್ಯ ಬರೆಯುವಾಗ ಅದನ್ನು ಪಾಲಿಸಿಯೂ ಇದ್ದೆ. ಗಿಟಾರು ಕೈಗೆ ಬಂದಾಗ ಮರೆತೆ. ಹಾಡಿನಲ್ಲಿ ಹ್ರಸ್ವವನ್ನು ಎಂದೂ ಎಳೆಯಬಾರದೆಂದು ನಾನು ಹೇಳುವುದಿಲ್ಲ, ಸಂದರ್ಭ ಪದವನ್ನು ಮೊದಲೇ ಕೈಹಿಡಿದು ತಂದಿದ್ದರೆ ಕಿವಿ ಅದನ್ನು ಕ್ಷಮಿಸುತ್ತದೆ. ಹಾಡಿನ ಮೊಟ್ಟಮೊದಲ ಅಕ್ಷರದಲ್ಲಿ ಯಾವ ಸಂದರ್ಭವೂ ಇರುವುದಿಲ್ಲ.

ಮುಂದೇನು ಎಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ. ಮಿಕ್ಸಿಂಗ್ ಬದಲಾದ ಧ್ವನಿಮುದ್ರಣಕ್ಕೆ ಹೊಸ ಐಎಸ್‌ಆರ್‌ಸಿ ಬೇಕು. ಹೊಸ ಗುರುತು ಎಂದರೆ ಹೊಸ ಹಾಡು, ಅದರ ಎಣಿಕೆ ಸೊನ್ನೆಯಿಂದ ಆರಂಭ. ಸಾವಿರದ ಗೆರೆಯನ್ನು ದಾಟಿದ್ದ ಎರಡು ಹಾಡುಗಳಲ್ಲಿ ಒಂದು ಈ ನಾಲ್ಕರಲ್ಲೇ ಇತ್ತು. ಅದನ್ನು ಮುಟ್ಟಬೇಡ ಎಂದು ಹಲವರು ಹೇಳಿದರು. ಬಿಡುಗಡೆಯಾದ ಕೃತಿಯನ್ನು ತಿದ್ದುವುದೇ ತಪ್ಪು, ಅದು ಆ ಕಾಲದ ಸಾಕ್ಷಿಯಾಗಿ ಉಳಿಯಬೇಕು ಎಂದವರೂ ಇದ್ದರು, ಅವರ ಮಾತಿಗೆ ನನ್ನಲ್ಲಿ ಗೌರವವಿದೆ. ವಿಮರ್ಶಕರು ಮೆಚ್ಚಿದ್ದು ಆ ಮಂಜನ್ನೇ ಅಲ್ಲವೆ ಎಂಬ ಯೋಚನೆ ನನಗೂ ಬಂದಿತ್ತು. ಪದ ಕೇಳಿಸದಿದ್ದರೂ ಒಳ್ಳೆಯದೆನ್ನಿಸಿದ ಹಾಡನ್ನು, ಪದ ಕೇಳಿಸುವಂತೆ ಮಾಡಿ ಕೆಡಿಸಿಬಿಟ್ಟರೆ? ಈ ಭಯವನ್ನು ನಾನು ಮುಚ್ಚಿಡುವುದಿಲ್ಲ, ಅದು ಹಲವು ರಾತ್ರಿಗಳ ಭಯ.

ಕೊನೆಗೆ ತೀರ್ಮಾನ ಮಾಡಿಸಿದ್ದು ಆ ಪತ್ರ. ಒಬ್ಬರು ನನ್ನ ಹಾಡಿನಿಂದ ನಾನು ಹೇಳದ ಮಾತಿನ ಸಾಂತ್ವನವನ್ನು ಪಡೆದಿದ್ದರು. ಅದು ಅವರ ಹಕ್ಕು, ಅದರ ಮೇಲೆ ನನ್ನ ಅಧಿಕಾರವಿಲ್ಲ. ಆದರೆ ಕ್ಷಮೆ ಕೇಳದ ತಂದೆಯೊಡನೆ ಬದುಕಿ ಬಂದ ಇನ್ನೊಬ್ಬ ಕೇಳುಗರು ಎಲ್ಲಾದರೂ ಇದ್ದರೆ, ಆ ಹಾಡು ಬರೆದದ್ದು ಅವರಿಗಾಗಿ, ಮತ್ತು ಅವರಿಗೆ ಅದು ಇನ್ನೂ ತಲುಪಿರಲಿಲ್ಲ.

ಮೂರು ಹಾಡುಗಳನ್ನು ಮತ್ತೆ ಮಿಕ್ಸ್ ಮಾಡಿದೆ. ಎರಡನೆಯ ಪದರವನ್ನು ಚರಣಗಳಿಂದ ತೆಗೆದು, ಪಲ್ಲವಿಗಳಲ್ಲಿ ಅದರ ವ್ಯಂಜನಗಳನ್ನು ಒಂದೊಂದಾಗಿ ತಗ್ಗಿಸಿದೆ. ಗಿಟಾರನ್ನು ಕಂಠ ಇರುವಲ್ಲಿ ಮಾತ್ರ ಮೂರು ಸಾವಿರ ಹರ್ಟ್ಸ್ ಸುತ್ತ ಎರಡು ಮೂರು ಡೆಸಿಬಲ್ ಇಳಿಸಿ, ಕಂಠ ಇಲ್ಲದಲ್ಲಿ ಮೊದಲಿನಂತೆಯೇ ಮಿನುಗಲು ಬಿಟ್ಟೆ. ರಿವರ್ಬನ್ನು ಪೂರ್ತಿ ತೆಗೆಯಲಿಲ್ಲ, ಅಕ್ಷರ ನುಡಿದು ಮುಗಿಯಲು ಎಡೆ ಸಿಗುವಂತೆ ಅದು ಹತ್ತಾರು ಮಿಲಿಸೆಕೆಂಡು ತಡವಾಗಿ ಆರಂಭವಾಗುವಂತೆ ಮಾಡಿ, ಬಾಲವನ್ನು ಮೊಟಕುಗೊಳಿಸಿದೆ. ಪ್ರತಿ ದಿನದ ಕೊನೆಯಲ್ಲಿ ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳಿದೆ. ಹಳೆಯ ಟೆಲಿಫೋನು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ದಾಟಿಸಿದರೂ ಮಾತು ತಿಳಿಯುತ್ತಿತ್ತಲ್ಲ, ಅಷ್ಟರಲ್ಲಿ ನನ್ನ ಪದ ನಿಲ್ಲದಿದ್ದರೆ ಕೆಲಸ ಮುಗಿದಿಲ್ಲವೆಂದು ಇಟ್ಟುಕೊಂಡೆ. ತಂದೆಯ ಹಾಡಿನ ಆ ಒಂದು ಸಾಲನ್ನು ಮಾತ್ರ ಹೊಸದಾಗಿ ಹಾಡಿದೆ. ಗಂಟಲು ಎರಡು ವರ್ಷ ಹಳೆಯದಾಗಿತ್ತು, ಹೊದಿಕೆ ಕಟ್ಟಿದ ಕೋಣೆಯೂ ಬದಲಾಗಿತ್ತು, ಹಳೆಯ ಸಾಲುಗಳ ನಡುವೆ ಹೊಸದು ಹೊಂದಿಕೊಳ್ಳಲು ಮೂರು ದಿನ ಬೇಕಾಯಿತು. ‘ಕೇಳದ’ ಎಂಬಲ್ಲಿ ‘ಳ’ವನ್ನು ನಾಲಿಗೆ ಮಡಿಸಿ ನಿಧಾನವಾಗಿ ನುಡಿದು, ಅದರ ಮುಂದೆ ಉಸಿರಿನಷ್ಟು ಬಿಡುವು ಕೊಟ್ಟಿದ್ದೇನೆ. ಏಳನೆಯ ಹಾಡನ್ನು ಹಾಗೆಯೇ ಬಿಟ್ಟಿದ್ದೇನೆ. ಸಭೆಯಲ್ಲಿ ಹಾಡುವಾಗ ಮೊದಲ ಅಕ್ಷರವನ್ನು ಎಳೆಯದೆ, ‘ಹಗಲು’ವಿನ ಕೊನೆಯ ಅಕ್ಷರದ ಮೇಲೆ ಆ ಎಣಿಕೆಗಳನ್ನು ಕಳೆಯುತ್ತೇನೆ, ಎಂದಾದರೂ ಅದನ್ನು ಬೇರೆಯಾಗಿ ರೆಕಾರ್ಡ್ ಮಾಡುವೆ.

ಬೇರೆ ಆರು ಮಂದಿಗೆ ಹೊಸ ಮಿಶ್ರಣವನ್ನು ಕೇಳಿಸಿದಾಗ ಆರೂ ಹಾಳೆಗಳಲ್ಲಿ ‘ಕೇಳದ’ ಎಂದೇ ಇತ್ತು. ಆ ಮೂರು ಹಾಡುಗಳನ್ನು ಹೊಸ ಗುರುತುಗಳೊಡನೆ, ಜೊತೆಗೆ ಒಂಬತ್ತೂ ಹಾಡುಗಳ ಸಾಹಿತ್ಯದೊಡನೆ ಬಿಡುಗಡೆ ಮಾಡಿದೆ. ಎಣಿಕೆಗಳು ಸೊನ್ನೆಯಿಂದ ಏರುತ್ತಿವೆ, ನಿಧಾನವಾಗಿ. ಉಳಿದಿದ್ದ ನೂರ ಎಂಬತ್ತು ಸಿ.ಡಿ.ಗಳಲ್ಲಿ ಸಾಹಿತ್ಯದ ಹಾಳೆಯನ್ನು ಮಡಿಸಿ ಸೇರಿಸಿದ್ದೇನೆ.

ಪತ್ರ ಬರೆದಿದ್ದ ಕೇಳುಗರಿಗೆ ನಾನೇ ಹೊಸ ಹಾಡನ್ನು ಕಳಿಸಿ, ಹಳೆಯದರಲ್ಲಿ ನನ್ನ ತಪ್ಪಿನಿಂದ ಪದ ಮಸುಕಾಗಿತ್ತೆಂದು ತಿಳಿಸಿದ್ದೆ. ಎರಡು ವಾರಗಳ ಅನಂತರ ಉತ್ತರ ಬಂದಿತು. “ಆತ ಕೇಳಲೇ ಇಲ್ಲ ಅನ್ನುವುದು ಈಗ ತಿಳಿಯಿತು,” ಎಂದು ಆಕೆ ಬರೆದಿದ್ದರು. “ಹಾಗಿದ್ದ ಮೇಲೆ ನೀವು ಯಾಕೆ ಕೊಟ್ಟಿರಿ? ನಾನಾಗಿದ್ದರೆ ಕೊಡುತ್ತಿರಲಿಲ್ಲ.” ಆ ಹಾಡಿನ ಮಾತಿನ ಬಗ್ಗೆ ಯಾರಾದರೂ ನನ್ನೊಡನೆ ವಾದಕ್ಕೆ ನಿಂತದ್ದು ಅದೇ ಮೊದಲು. ಅವರಿಗೆ ಉತ್ತರ ಬರೆಯಲು ನನಗೆ ನಾಲ್ಕು ಪುಟ ಬೇಕಾಯಿತು.